ಒಂದು ಕಿತಾಬು, ಎರಡು ವಿತಾಬು

ಸ್ವಾಹಿಲಿ ಭಾಷೆಯಲ್ಲಿ ಒಂದು ಪುಸ್ತಕ ಇದ್ದರೆ ಅದು ಕಿತಾಬು. ಎರಡಿದ್ದರೆ? ವಿತಾಬು.

ಮೊದಲ ಸಲ ಇದನ್ನು ಓದಿದಾಗ ಅಚ್ಚಿನ ತಪ್ಪು ಅಂದುಕೊಂಡೆ. ಕಿತಾಬು ನಮಗೂ ಗೊತ್ತಿರುವ ಪದವೇ ಅಲ್ವಾ? ಅರಬ್ಬಿಯಿಂದ ಬಂದದ್ದು, ಉರ್ದು ಮಾತಾಡುವ ಮನೆಗಳಲ್ಲಿ ದಿನಾ ಕೇಳುವಂಥದ್ದು. ಅದು ಬಹುವಚನ ಆಗಬೇಕಾದರೆ ಮೊದಲ ಅಕ್ಷರವೇ ಬದಲಾಗುವುದು ಅಂದರೇನು? ಆದರೆ ಅದು ತಪ್ಪಾಗಿರಲಿಲ್ಲ. ತಾಂಜಾನಿಯಾ, ಕೀನ್ಯಾದ ಶಾಲೆಗಳಲ್ಲಿ ಮಕ್ಕಳು ದಿನವೂ ಹಾಗೇ ಹೇಳುತ್ತಾರೆ. ಈ ಒಂದು ಪದ ಎಷ್ಟು ಊರು ಸುತ್ತಿದೆ, ಹೋದಲ್ಲೆಲ್ಲ ಅದಕ್ಕೆ ಏನೇನಾಯಿತು ಅಂತ ಹುಡುಕುತ್ತಾ ಹೋದರೆ, ಭಾಷೆಗಳು ಪರರ ಪದವನ್ನು ಹೇಗೆ ತಮ್ಮದು ಮಾಡಿಕೊಳ್ಳುತ್ತವೆ ಅನ್ನುವುದು ಕಣ್ಣಿಗೆ ಕಾಣುತ್ತದೆ.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಎರಡು ಭಾಷೆಗಳಲ್ಲಿ ಒಂದೇ ಪದ ಇರಲು ಎರಡು ದಾರಿಗಳಿವೆ. ಕನ್ನಡದ ಹಾಲು ತಮಿಳಿನಲ್ಲಿ ಪಾಲ್. ನಮ್ಮ ಹಲ್ಲು ಅವರಿಗೆ ಪಲ್, ನಮ್ಮ ಹುಲಿ ಅವರಿಗೆ ಪುಲಿ. ಇವು ಯಾರಿಂದ ಯಾರೂ ತಂದುಕೊಂಡ ಪದಗಳಲ್ಲ. ಎರಡೂ ಭಾಷೆಗಳಿಗೆ ಒಂದೇ ಹಿರಿಯ ತಾಯಿ, ಅವಳಿಂದ ಬಂದ ಆಸ್ತಿ ಇದು. ಕನ್ನಡದಲ್ಲಿ ಮೊದಲಿನ ಪಕಾರ ಹಕಾರ ಆಯಿತು, ತಮಿಳಿನಲ್ಲಿ ಹಾಗೇ ಉಳಿಯಿತು. ಪದದಿಂದ ಪದಕ್ಕೆ ಇದೇ ನಿಯಮ ಕಾಣುತ್ತದೆ.

ಕಿತಾಬ್ ಹಾಗಲ್ಲ. ಅರಬ್ಬಿ, ಪಾರಸಿ, ಹಿಂದಿ, ತುರ್ಕಿ, ಸ್ವಾಹಿಲಿ, ಮಲಯ, ಕನ್ನಡ, ಇಷ್ಟರಲ್ಲೂ ಈ ಪದ ಇದೆ. ಪಾರಸಿಗೂ ಹಿಂದಿಗೂ ದೂರದ ರಕ್ತಸಂಬಂಧ ಇದೆ, ಸರಿ. ಅದನ್ನು ಬಿಟ್ಟರೆ ಇವು ಒಂದಕ್ಕೊಂದು ನಂಟಿಲ್ಲದ ಆರು ಮನೆತನಗಳು. ಇಲ್ಲಿ ಪದ ಹುಟ್ಟಿನಿಂದ ಬಂದದ್ದಲ್ಲ, ನಡೆದುಕೊಂಡು ಬಂದದ್ದು. ಹಡಗಿನಲ್ಲಿ ಬಂತು, ದರ್ಬಾರಿನಲ್ಲಿ ಬಂತು, ಎಲ್ಲಕ್ಕಿಂತ ಜಾಸ್ತಿ ಧರ್ಮಗ್ರಂಥದ ಜೊತೆ ಬಂತು. ಕುರಾನಿನಲ್ಲಿ ಕುರಾನನ್ನೇ ಕಿತಾಬ್ ಎಂದು ಕರೆಯಲಾಗಿದೆ. ಇಸ್ಲಾಂ ಹೋದ ಕಡೆಗೆಲ್ಲ ಈ ಪದ ಹೋಗದೆ ಇರುವುದು ಸಾಧ್ಯವೇ ಇರಲಿಲ್ಲ.

ಹುಟ್ಟಿದ ಮನೆಯಲ್ಲಿ ಅದು ಹೇಗಿತ್ತು ನೋಡಿ. ಅರಬ್ಬಿ ಪದಗಳ ಬೇರು ಸಾಮಾನ್ಯವಾಗಿ ಮೂರು ವ್ಯಂಜನಗಳು. ಇಲ್ಲಿ ಕ್, ತ್, ಬ್. ಈ ಮೂರು ಸೇರಿದರೆ 'ಬರೆಯುವುದು' ಅನ್ನುವ ಭಾವ. ಆದರೆ ಬರೀ ವ್ಯಂಜನಗಳನ್ನು ಉಚ್ಚರಿಸಲು ಆಗುವುದಿಲ್ಲ. ನಡುವೆ ಸ್ವರ ತುಂಬಬೇಕು. ಯಾವ ಸ್ವರ ತುಂಬುತ್ತೀರಿ ಅನ್ನುವುದರ ಮೇಲೆ ಅರ್ಥ ನಿಲ್ಲುತ್ತದೆ. ಕತಬ ಅಂದರೆ ಬರೆದನು. ಕಾತಿಬ್ ಅಂದರೆ ಬರೆಯುವವನು. ಮಕ್ತೂಬ್ ಅಂದರೆ ಬರೆದದ್ದು. ಮಕ್ತಬ್ ಅಂದರೆ ಬರೆಯುವ ಜಾಗ, ಅಂದರೆ ಕಚೇರಿ. ಕಿತಾಬ್ ಅಂದರೆ ಪುಸ್ತಕ. ಮೂರು ವ್ಯಂಜನ ಹಿಟ್ಟಿದ್ದ ಹಾಗೆ, ಸ್ವರಗಳು ಅಚ್ಚಿದ್ದ ಹಾಗೆ. ಅದೇ ಹಿಟ್ಟನ್ನು ಚಕ್ಕುಲಿ ಅಚ್ಚಿಗೆ ಹಾಕಿದರೆ ಚಕ್ಕುಲಿ, ಕಾರದ ಅಚ್ಚಿಗೆ ಹಾಕಿದರೆ ಕಾರ. 'ಮ' ಮುಂದೆ ಬಂದು ಜಾಗವನ್ನು ಹೇಳುವ ಈ ಅಚ್ಚಿನಲ್ಲಿ ಹುಟ್ಟಿದ ಇನ್ನೊಂದು ಪದ ನಮಗೆ ಚೆನ್ನಾಗಿ ಗೊತ್ತು. ಸ್, ಜ್, ದ್ ಅಂದರೆ ತಲೆಬಾಗುವುದು. ತಲೆಬಾಗುವ ಜಾಗ ಮಸ್ಜಿದ್. ನಮ್ಮ ಮಸೀದಿ ಅದೇ.

ಈ ಬೇರು ಅರಬ್ಬಿಯ ಅಕ್ಕತಂಗಿಯರಲ್ಲೂ ಇದೆ. ಹೀಬ್ರೂವಿನಲ್ಲಿ 'ಬರೆದನು' ಅನ್ನಲು ಕಾತಾವ್. ಯೆಹೂದಿಗಳ ಮದುವೆಯಲ್ಲಿ ಬರೆಸುವ ಕರಾರು ಪತ್ರಕ್ಕೆ ಕೆತುಬಾ ಎಂದು ಹೆಸರು. ಇದು ಹಾಲು–ಪಾಲ್ ಥರದ ನಂಟು.

ಅರಬ್ಬಿಯಲ್ಲಿ ಬಹುವಚನವೂ ಎಷ್ಟೋ ಸಲ ಅಚ್ಚು ಬದಲಿಸಿಯೇ ಆಗುತ್ತದೆ. ಕಿತಾಬ್ ಒಂದು, ಕುತುಬ್ ಹಲವು. ಕೊನೆಗೆ ಏನನ್ನೂ ಅಂಟಿಸಿಲ್ಲ. ಹೊಟ್ಟೆಯೊಳಗಿನ ಸ್ವರಗಳೇ ಬೇರೆಯಾದವು. ಮರ–ಮರಗಳು, ಮನೆ–ಮನೆಗಳು ಎಂದು ಬಾಲ ಜೋಡಿಸಿ ಅಭ್ಯಾಸವಿರುವ ನಮಗೆ ಇದು ಹೊಸದು. (ದೆಹಲಿಯ ಕುತುಬ್ ಮಿನಾರ್‌ಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿರುವುದು ಗಂಟಲಿನ ಆಳದಿಂದ ಬರುವ ಬೇರೆಯೇ ಕಕಾರ, ಬೇರೆ ತಕಾರ. ಅದರ ಅರ್ಥ ಧ್ರುವ ಅಥವಾ ಅಚ್ಚುಗಂಬ. ಕನ್ನಡ ಲಿಪಿಯಲ್ಲಿ ಬರೆದಾಗ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.)

ಪರಭಾಷೆಯವರಿಗೆ ಈ ಒಳಗಿನ ಅಚ್ಚು ಕಾಣುವುದಿಲ್ಲ. ಹಾಗಾಗಿ ಅವರು ಬಹುವಚನವನ್ನೇ ಏಕವಚನ ಎಂದು ತಿಳಿದು ಎತ್ತಿಕೊಂಡು ಹೋಗುವುದು ಉಂಟು. ನಾಯಿಬ್ ಅಂದರೆ ಪ್ರತಿನಿಧಿ. ಅದರ ಬಹುವಚನ ನುವ್ವಾಬ್. ನಮ್ಮ ನವಾಬ ಅಲ್ಲಿಂದ ಬಂದವನು, ಒಬ್ಬನೇ ಆದರೂ ಪದದ ಲೆಕ್ಕದಲ್ಲಿ ಹಲವರು. ನನಗೆ ಇದಕ್ಕಿಂತ ಪ್ರೀತಿಯ ಉದಾಹರಣೆ ಆಸಾಮಿ. ಅರಬ್ಬಿಯಲ್ಲಿ ಇಸ್ಮ್ ಅಂದರೆ ಹೆಸರು. ಹಲವು ಹೆಸರು ಅಸ್ಮಾ. ಆ ಬಹುವಚನಕ್ಕೂ ಇನ್ನೊಂದು ಬಹುವಚನ, ಅಸಾಮೀ. ಕಂದಾಯದ ದಫ್ತರಗಳಲ್ಲಿ ಅದು ರೈತರ ಹೆಸರುಗಳ ಪಟ್ಟಿಯಾಗಿ ಬಂತು. ಆಮೇಲೆ ಪಟ್ಟಿಯೊಳಗಿನ ಒಬ್ಬೊಬ್ಬನೂ ಆಸಾಮಿಯಾದ. 'ಆ ಆಸಾಮಿ ಎಲ್ಲಿ ಹೋದ?' ಎಂದು ಕೇಳುವಾಗ ಬಾಯಲ್ಲಿ ಇರುವುದು ಬಹುವಚನದ ಬಹುವಚನ.

ಕಿತಾಬ್ ಊರು ಬಿಟ್ಟು ಹೊರಟಾಗ ಆ ಅಚ್ಚುಗಳೆಲ್ಲ ಮನೆಯಲ್ಲೇ ಉಳಿದವು. ಪಾರಸಿಗೆ ಬಂದ ಮೇಲೆ ಬಹುವಚನ ಕೆತಾಬ್‌ಹಾ. ಪಾರಸಿಯವರ 'ಹಾ' ಪ್ರತ್ಯಯ ಅದಕ್ಕೆ ಅಂಟಿತು. ಕುತುಬ್ ಅನ್ನುವ ರೂಪ ಓದಿದವರ ಬರಹದಲ್ಲಿ ಉಳಿದುಕೊಂಡಿತು, ಕುತುಬ್‌ಖಾನಾ ಅಂದರೆ ಗ್ರಂಥಾಲಯ ಎಂಬ ಜೋಡುಪದದಲ್ಲೂ ಸೇರಿತು. ನಮ್ಮ ಕಾರ್ಖಾನೆ, ದವಾಖಾನೆಗಳ ಖಾನೆಯೇ ಅದು. ತುರ್ಕಿಯಲ್ಲಿ ಇವತ್ತಿಗೂ ಗ್ರಂಥಾಲಯಕ್ಕೆ ಕುತುಪ್‌ಹಾನೆ ಎನ್ನುತ್ತಾರೆ.

ಅರಬ್ಬಿಯಲ್ಲಿ ಪ್ರತಿ ನಾಮಪದಕ್ಕೂ ಲಿಂಗವಿದೆ. ಕಿತಾಬ್ ಪುಲ್ಲಿಂಗ. ಪಾರಸಿಯಲ್ಲಿ ಲಿಂಗವೇ ಇಲ್ಲ, 'ಅವನು' 'ಅವಳು' ಎರಡಕ್ಕೂ ಒಂದೇ ಸರ್ವನಾಮ. ಹಾಗಾಗಿ ಕಿತಾಬ್ ಅಲ್ಲಿ ತನ್ನ ಲಿಂಗ ಕಳೆದುಕೊಂಡಿತು. ಬದಲಿಗೆ ಪಾರಸಿಯ ಒಂದು ಸಣ್ಣ ಕೊಂಡಿ ಅದಕ್ಕೆ ಸಿಕ್ಕಿತು. ಕೆತಾಬ್-ಎ-ಮನ್ ಅಂದರೆ ನನ್ನ ಪುಸ್ತಕ. ಆ ನಡುವಿನ 'ಎ' ಎರಡು ಪದಗಳನ್ನು ಹೊಲಿಯುವ ದಾರ.

ಈ ದಾರವನ್ನು ನಮ್ಮ ನೆಲದಲ್ಲೇ ನೋಡಬಹುದು. ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹಿ, 1580ರಿಂದ 1627ರವರೆಗೆ ಆಳಿದವನು, ದಖನಿ ಭಾಷೆಯಲ್ಲಿ ಹಾಡುಗಳನ್ನು ಬರೆದ. ಸರಸ್ವತಿ, ಗಣಪತಿಯ ಸ್ತುತಿಯೂ ಅದರಲ್ಲಿದೆ. ಅದರ ಹೆಸರು ಕಿತಾಬ್-ಎ-ನವರಸ್. ಹೆಸರನ್ನು ಹತ್ತಿರದಿಂದ ನೋಡಿ. ಕಿತಾಬ್ ಅರಬ್ಬಿ. ನಡುವಿನ 'ಎ' ಪಾರಸಿ. ನವರಸ ನಮ್ಮ ಸಂಸ್ಕೃತದ ಒಂಬತ್ತು ರಸ. ಒಂದು ಹೆಸರಿನಲ್ಲಿ ಮೂರು ಭಾಷೆಗಳು ಕೂತಿವೆ, ಆದರೆ ಅವನ್ನು ಜೋಡಿಸಿದ ವ್ಯಾಕರಣ ಒಂದೇ ಭಾಷೆಯದು. ಪದ ಎಲ್ಲಿಂದಲಾದರೂ ಬರಬಹುದು, ಹೊಲಿಗೆ ಮಾತ್ರ ಮನೆಯವರದೇ ಆಗಿರುತ್ತದೆ. ಸಾಲ ಪಡೆದ ಪದಗಳ ವ್ಯಾಕರಣ ಅಂದರೆ ಬಹುಪಾಲು ಇಷ್ಟೇ.

ಹಿಂದಿ–ಉರ್ದುವಿಗೆ ಬಂದಾಗ ಕಿತಾಬ್‌ಗೆ ಮತ್ತೆ ಲಿಂಗ ಬೇಕಾಯಿತು. ಪಾರಸಿಯ ಮೂಲಕ ಬಂದದ್ದರಿಂದ ಹಳೆಯ ಪುಲ್ಲಿಂಗ ಜೊತೆಗೆ ಬಂದಿರಲಿಲ್ಲ. ಆ ಭಾಷೆಯಲ್ಲಿ ಪೋಥಿ ಸ್ತ್ರೀಲಿಂಗ, ಪುಸ್ತಕ್ ಕೂಡ ಸ್ತ್ರೀಲಿಂಗ. ಕಿತಾಬ್ ಅವುಗಳ ಪಕ್ಕದಲ್ಲೇ ಕೂತಿತು. ಅರಬ್ಬಿಯಲ್ಲಿ ಗಂಡಾಗಿದ್ದದ್ದು ಹಿಂದಿಯಲ್ಲಿ ಹೆಣ್ಣಾಯಿತು. ನಯೀ ಕಿತಾಬ್, ಕಿತಾಬೇಂ, ಕಿತಾಬೋಂ ಮೇಂ. ಶಾಲೆಯಲ್ಲಿ ನಾವು 'ಮೇರಾ ಕಿತಾಬ್' ಎಂದಾಗೆಲ್ಲ ಹಿಂದಿ ಮೇಷ್ಟ್ರು 'ಮೇರೀ, ಮೇರೀ' ಎಂದು ತಿದ್ದುತ್ತಿದ್ದರು. ಪುಸ್ತಕ ಹೆಣ್ಣು ಹೇಗಾಗುತ್ತದೆ ಎಂದು ಕನ್ನಡದ ಮಕ್ಕಳಿಗೆ ಅನ್ನಿಸುವುದು ಸಹಜ. ನಮ್ಮ ಭಾಷೆ ಅರ್ಥ ನೋಡಿ ಲಿಂಗ ಹೇಳುತ್ತದೆ. ಗಂಡಸಾದರೆ ಪುಲ್ಲಿಂಗ, ಹೆಂಗಸಾದರೆ ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ. ಹಿಂದಿಯಲ್ಲಿ ಮೇಜು, ಕುರ್ಚಿ, ಪುಸ್ತಕಕ್ಕೂ ಗಂಡು ಹೆಣ್ಣಿನ ಲೆಕ್ಕ ಇದೆ.

ತುರ್ಕಿಯ ಕಥೆ ಬೇರೆ. ಆ ಭಾಷೆ ಪದದ ಕೊನೆಯಲ್ಲಿ ಬಕಾರವನ್ನು ಇಷ್ಟಪಡುವುದಿಲ್ಲ, ಅದನ್ನು ಪಕಾರ ಮಾಡುತ್ತದೆ. ಹಾಗಾಗಿ ಅಲ್ಲಿ ಕಿತಾಪ್. ಆದರೆ ಹಿಂದೆ ಸ್ವರ ಬಂತೋ, ಅಡಗಿದ್ದ ಬಕಾರ ಹೊರಗೆ ಬರುತ್ತದೆ. ನನ್ನ ಪುಸ್ತಕ ಅನ್ನಲು ಕಿತಾಬಮ್ ಎಂಬಂತೆ ಕೇಳುತ್ತದೆ. ಪುಸ್ತಕಗಳು ಕಿತಾಪ್‌ಲಾರ್. ಬಹುವಚನಕ್ಕೆ ತುರ್ಕಿಯಲ್ಲಿ ಲಾರ್, ಲೇರ್ ಎಂಬ ಎರಡು ರೂಪಗಳಿವೆ. ಪದದ ಕೊನೆಯ ಸ್ವರಕ್ಕೆ ಯಾವುದು ಹೊಂದುತ್ತದೋ ಅದನ್ನು ಹಾಕುತ್ತಾರೆ. ಕಿತಾಪ್‌ನ ಕೊನೆಗೆ 'ಆ' ಇರುವುದರಿಂದ ಲಾರ್. ಆಮೇಲೆ ನಮ್ಮ ಹಾಗೆಯೇ ಒಂದರ ಹಿಂದೆ ಒಂದು ಬೋಗಿ ಜೋಡಿಸುತ್ತಾರೆ: ಪುಸ್ತಕ, ಗಳು, ನಮ್ಮ, ಅಲ್ಲಿ, ಇಷ್ಟೂ ಸೇರಿ ಒಂದೇ ಪದ. ಇನ್ನೊಂದು ಹೋಲಿಕೆಯೂ ನಮಗೆ ಹತ್ತಿರದ್ದು. ಮೂರು ಪುಸ್ತಕ ಅನ್ನುವಾಗ ಅವರು ಬಹುವಚನ ಹಾಕುವುದಿಲ್ಲ, ಉಚ್ ಕಿತಾಪ್ ಎನ್ನುತ್ತಾರೆ. ನಾವೂ ಅಂಗಡಿಯಲ್ಲಿ 'ಮೂರು ಪುಸ್ತಕ ಕೊಡಿ' ಎಂದೇ ಕೇಳುತ್ತೇವೆ.

1928ರಲ್ಲಿ ತುರ್ಕಿ ಅರಬ್ಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಗೆ ಬಂತು. ಅದಾದ ಮೇಲೆ ಅರಬ್ಬಿ, ಪಾರಸಿ ಪದಗಳನ್ನು ಕಿತ್ತುಹಾಕುವ ದೊಡ್ಡ ಕೆಲಸವೂ ನಡೆಯಿತು. ಶಾಲೆಗೆ ಇದ್ದ ಮೆಕ್ತೆಪ್, ಅಂದರೆ ನಾವು ಮೇಲೆ ನೋಡಿದ ಮಕ್ತಬ್, ಹೋಗಿ ಓಕುಲ್ ಬಂತು. ಕಿತಾಪ್ ಮಾತ್ರ ಕದಲಲಿಲ್ಲ. ಒಂದೇ ಬೇರಿನ ಎರಡು ಪದಗಳಲ್ಲಿ ಒಂದನ್ನು ಕಳಿಸಿಕೊಟ್ಟರು, ಇನ್ನೊಂದನ್ನು ಉಳಿಸಿಕೊಂಡರು.

ಈಗ ವಿತಾಬುಗೆ ಬರೋಣ. ಪೂರ್ವ ಆಫ್ರಿಕಾದ ಕರಾವಳಿಗೆ, ಲಾಮು, ಮೊಂಬಾಸಾ, ಜಾಂಜಿಬಾರ್‌ಗಳಿಗೆ ಮಾನ್ಸೂನ್ ಗಾಳಿ ಹಿಡಿದು ಅರಬ್ ವ್ಯಾಪಾರಿಗಳ ಹಾಯಿಹಡಗುಗಳು ನೂರಾರು ವರ್ಷ ಓಡಾಡಿವೆ. ಭಾಷೆಯ ಹೆಸರೇ ಅದಕ್ಕೆ ಸಾಕ್ಷಿ. ಅರಬ್ಬಿಯಲ್ಲಿ ಸಾಹಿಲ್ ಅಂದರೆ ಕರಾವಳಿ, ಸವಾಹಿಲ್ ಅಂದರೆ ಕರಾವಳಿಗಳು. ಮತ್ತೆ ಅದೇ ಒಳಗಿನ ಅಚ್ಚು ಬದಲಾಗುವ ಬಹುವಚನ! ಅದರಿಂದ ಸ್ವಾಹಿಲಿ. ಆದರೆ ಪದ ಸಂಪತ್ತಿನಲ್ಲಿ ಅರಬ್ಬಿ ಎಷ್ಟೇ ಇದ್ದರೂ ಈ ಭಾಷೆಯ ಮೂಳೆ ಬಾಂಟು, ಅಂದರೆ ಆಫ್ರಿಕಾದ್ದೇ ಒಂದು ದೊಡ್ಡ ಭಾಷಾ ಮನೆತನದ್ದು. ಬಾಂಟು ಭಾಷೆಗಳಲ್ಲಿ ನಾಮಪದಗಳನ್ನು ಗುಂಪುಗಳಾಗಿ ವಿಂಗಡಿಸಿದ್ದಾರೆ. ಪದ ಯಾವ ಗುಂಪಿನದು ಅನ್ನುವುದು ಅದರ ತಲೆಯಲ್ಲಿ ಗೊತ್ತಾಗುತ್ತದೆ, ಬಾಲದಲ್ಲಿ ಅಲ್ಲ.

ಮನುಷ್ಯರಾದರೆ ಒಬ್ಬರಿಗೆ 'ಮ್', ಹಲವರಿಗೆ 'ವ'. ಮ್ತೋತೋ ಅಂದರೆ ಮಗು, ವತೋತೋ ಅಂದರೆ ಮಕ್ಕಳು. ಮನೆಯ ಸಾಮಾನುಗಳಲ್ಲಿ ಬಹಳಷ್ಟಕ್ಕೆ ಒಂದಾದರೆ 'ಕಿ', ಹಲವಾದರೆ 'ವಿ'. ಕಿತಿ ಕುರ್ಚಿ, ವಿತಿ ಕುರ್ಚಿಗಳು. ಕಿಸು ಚಾಕು, ವಿಸು ಚಾಕುಗಳು. ಕಿಜಿಕೋ ಚಮಚ, ವಿಜಿಕೋ ಚಮಚಗಳು. ಇಂಥ ಮನೆಗೆ ಅರಬ್ಬಿಯ ಕಿತಾಬ್ ಬಂತು. ಸ್ವಾಹಿಲಿ ಕಿವಿಗೆ ಏನು ಕೇಳಿರಬೇಕು? ಕಿ, ತಾಬು. ಕುರ್ಚಿ, ಚಾಕು, ಚಮಚದ ಜೊತೆಯದೇ. ಹಾಗಿದ್ದರೆ ಹಲವಾದಾಗ ವಿತಾಬು ಆಗಲೇಬೇಕಲ್ಲ!

ಅರಬ್ಬಿಯವರ ಲೆಕ್ಕದಲ್ಲಿ ಆ 'ಕಿ' ಯಲ್ಲಿರುವ ಕಕಾರ ಬೇರಿನ ಮೊದಲ ಅಕ್ಷರ. ಅದನ್ನು ತೆಗೆದರೆ ಪದವೇ ಸತ್ತಂತೆ. ಸ್ವಾಹಿಲಿ ಆ ಅಕ್ಷರವನ್ನೇ ಅಂಗಿಯಂತೆ ಕಳಚಿ ಬೇರೆ ಅಂಗಿ ತೊಡಿಸಿತು. ಅಷ್ಟೇ ಅಲ್ಲ. ಈ ಅಂಗಿಯ ಬಣ್ಣ ಇಡೀ ವಾಕ್ಯಕ್ಕೆ ಹತ್ತುತ್ತದೆ. 'ನನ್ನ ಒಳ್ಳೆಯ ಪುಸ್ತಕ ಕಳೆದುಹೋಗಿದೆ' ಅನ್ನಬೇಕು ಅಂದುಕೊಳ್ಳಿ: ಕಿತಾಬು ಚಾಂಗು ಕಿಜುರಿ ಕಿಮೆಪೊತೇಯಾ. ಒಳ್ಳೆಯ ಅನ್ನುವ ಪದಕ್ಕೂ 'ಕಿ', ಕಳೆದುಹೋಗಿದೆ ಅನ್ನುವ ಕ್ರಿಯೆಗೂ 'ಕಿ'. 'ನನ್ನ' ಅನ್ನುವಲ್ಲಿ ಕಿ ಮುಂದಿನ ಸ್ವರದ ಜೊತೆ ಸೇರಿ 'ಚಾ' ಆಗಿದೆ. ಪುಸ್ತಕಗಳು ಕಳೆದುಹೋದರೆ: ವಿತಾಬು ವ್ಯಾಂಗು ವಿಜುರಿ ವಿಮೆಪೊತೇಯಾ. ಜೋರಾಗಿ ಓದಿ ನೋಡಿ, ಕವಿತೆಯ ಅನುಪ್ರಾಸದ ಹಾಗೆ ಕೇಳುತ್ತದೆ.

ಸಣ್ಣ ಪುಸ್ತಕಕ್ಕೆ ಸ್ವಾಹಿಲಿಯಲ್ಲಿ ಕಿಜಿತಾಬು ಎನ್ನುತ್ತಾರೆ. 'ಕಿ'ಗೂ 'ತಾಬು'ವಿಗೂ ನಡುವೆ 'ಜಿ' ತೂರಿಸಿದ್ದಾರೆ. ಅಂದರೆ ಅಲ್ಲಿ ಎರಡು ತುಂಡುಗಳಿವೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆ ನೋಡಿ. ಇಂಗ್ಲಿಷರ ಕಾಲದ ಇನ್ನೊಂದು ಪದವೂ ಹೀಗೆಯೇ. ರಸ್ತೆ ಸರ್ಕಲ್ಲುಗಳಲ್ಲಿ 'ಕೀಪ್ ಲೆಫ್ಟ್' ಎಂಬ ಬೋರ್ಡು ಇರುತ್ತಿತ್ತು. ಸರ್ಕಲ್ಲಿನ ಹೆಸರೇ ಕಿಪಿಲೆಫ್ಟಿ ಆಯಿತು. ಸರ್ಕಲ್ಲುಗಳು? ವಿಪಿಲೆಫ್ಟಿ.

ಇದನ್ನು ತಿಳಿಯದವರ ತಪ್ಪು ಅನ್ನುವಂತಿಲ್ಲ. ಮುಅಲ್ಲಿಮ್ ಅನ್ನುವ ಅರಬ್ಬಿ ಪದ, ಶಿಕ್ಷಕ ಎಂದರ್ಥ, ಸ್ವಾಹಿಲಿಗೆ ಬಂದು ಮ್ವಾಲಿಮು ಆಯಿತು. ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಮೊದಲು ಶಿಕ್ಷಕರಾಗಿದ್ದರು, ಜನ ಅವರನ್ನು ಕೊನೆಯವರೆಗೂ ಮ್ವಾಲಿಮು ಎಂದೇ ಕರೆದರು. ಹಲವು ಶಿಕ್ಷಕರು ವಾಲಿಮು. ಇಲ್ಲಿ ಸದ್ದೂ ಹೊಂದಿತು, ಮನುಷ್ಯ ಎಂಬ ಅರ್ಥವೂ ಹೊಂದಿತು. ಆದರೆ ವಜೀರ್‌ನಿಂದ ಬಂದ ವಜಿರಿ, ಅಂದರೆ ಮಂತ್ರಿ, 'ವ'ದಿಂದ ಶುರುವಾದರೂ ಬಹುವಚನ ಎನಿಸಲಿಲ್ಲ. ಮಂತ್ರಿಗಳು ಮವಜಿರಿ. ಸುಮ್ನೆ ಸದ್ದು ಕೇಳಿ ಯಾಮಾರಿದ್ದಾದರೆ ಅಲ್ಲೂ ಯಾಮಾರಬೇಕಿತ್ತು. ಭಾಷೆ ಕಿವಿ ಕೊಟ್ಟು ಕೇಳಿ, ಆಮೇಲೆ ಆರಿಸಿಕೊಳ್ಳುತ್ತದೆ.

ಕನ್ನಡಕ್ಕೆ ಬಂದಾಗ ಏನಾಯಿತು? ನಮಗೆ ಅದು ತೀರಾ ಅಭ್ಯಾಸವಾಗಿ ಕಣ್ಣಿಗೇ ಬೀಳುವುದಿಲ್ಲ. 1347ರಲ್ಲಿ ಬಹಮನಿ ರಾಜ್ಯ ಶುರುವಾಗಿ ಕಲಬುರಗಿ ರಾಜಧಾನಿಯಾಯಿತು. ಅಲ್ಲಿಂದ ಮುಂದೆ ವಿಜಯಪುರ, ಮರಾಠರು, ಹೈದರ್–ಟಿಪ್ಪು, ನಿಜಾಮರು, ಹೀಗೆ ಕಚೇರಿಯ ದಾರಿಯಲ್ಲಿ ಅರಬ್ಬಿ–ಪಾರಸಿ ಪದಗಳು ಹರಿದು ಬಂದವು. ಕನ್ನಡ ಬಾಯಿಗೆ ಪದ ವ್ಯಂಜನದಲ್ಲಿ ನಿಂತರೆ ಸಮಾಧಾನ ಇಲ್ಲ. ಒಂದು 'ಉ' ಹಾಕಿ ಮುಗಿಸುತ್ತದೆ. ಕಿತಾಬ್ ಕಿತಾಬು, ಹಿಸಾಬ್ ಹಿಸಾಬು, ಖಬರ್ ಖಬರು. ಒಂದೇ ಸ್ವರದ ಪುಟ್ಟ ಪದದಲ್ಲಿ ಆ ಸ್ವರ ಗಿಡ್ಡವಾದರೆ ಕೊನೆಯ ವ್ಯಂಜನವನ್ನು ಒತ್ತುತ್ತದೆ: ಬಸ್ಸು, ಪೆನ್ನು. ಉದ್ದವಾದರೆ ಒತ್ತುವುದಿಲ್ಲ: ಕಾರು, ಕೋಟು. ಬಂದವನು ಮನುಷ್ಯನಾದರೆ ಬೇರೆ ನಡೆ. ವಕೀಲ್ ವಕೀಲು ಆಗಲಿಲ್ಲ, ವಕೀಲ ಆದ. ಗುಲಾಮ, ಸುಲ್ತಾನ, ವಜೀರ ಎಲ್ಲರೂ ಹಾಗೆಯೇ. ಬಹುವಚನವೂ ಬೇರೆ: ವಕೀಲರು, ಆದರೆ ಕಿತಾಬುಗಳು. ಮ್ವಾಲಿಮುವನ್ನೂ ಕಿತಾಬುವನ್ನೂ ಸ್ವಾಹಿಲಿ ಬೇರೆ ಬೇರೆ ಗುಂಪಿಗೆ ಸೇರಿಸಿತಲ್ಲ, ಅದೇ ಕೆಲಸವನ್ನು ನಾವು ಬಾಲದಲ್ಲಿ ಮಾಡಿದ್ದೇವೆ.

ನೋಡಿ, ಸ್ವಾಹಿಲಿಯವರೂ ಕೊನೆಗೆ 'ಉ' ಸೇರಿಸಿ ಕಿತಾಬು ಎಂದೇ ಹೇಳುತ್ತಾರೆ. ಅವರ ಬಾಯಿಗೂ ವ್ಯಂಜನದಲ್ಲಿ ನಿಲ್ಲುವುದು ಆಗದು. ಮುಖಾಮುಖಿ ಇಟ್ಟರೆ ಎರಡೂ ಭಾಷೆಗಳ ಪದ ಒಂದೇ. ಆದರೆ ಆ 'ಉ'ಗಳು ಒಂದೇ ಅಲ್ಲ. 'ಪುಸ್ತಕದಲ್ಲಿ' ಅನ್ನಲು ಸ್ವಾಹಿಲಿಯವರು ಕಿತಾಬುನಿ ಎನ್ನುತ್ತಾರೆ, ಉಕಾರ ಅಲ್ಲೇ ಕೂತಿರುತ್ತದೆ. ಕನ್ನಡದಲ್ಲಿ ಕಿತಾಬಿನಲ್ಲಿ, ಉಕಾರ ಮಾಯ. ನಮ್ಮಲ್ಲಿ ಎರಡು ಥರದ ಉಕಾರ ಇದೆ. ಗುರು ಅನ್ನುವುದರಲ್ಲಿ ಅದು ಪದದ ಸ್ವಂತದ್ದು, ಹಾಗಾಗಿ ಗುರುವಿಗೆ, ಗುರುವಿನ. ಕಾಡು ಅನ್ನುವುದರಲ್ಲಿ ಅದು ಬಾಯಿ ಮುಚ್ಚಲು ಬಂದದ್ದು, ಹಾಗಾಗಿ ಕಾಡಿಗೆ, ಕಾಡಿನ. ಕಿತಾಬುವಿಗೆ ಎಂದು ಯಾರೂ ಹೇಳುವುದಿಲ್ಲ, ಕಿತಾಬಿಗೆ ಎಂದೇ ಹೇಳುತ್ತೇವೆ. ಈ ನಿಯಮವನ್ನು ನಮಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ. ಮೂರು ವರ್ಷದ ಮಗು ಬಸ್ಸಿಗೆ ಕೈ ತೋರಿಸಿ 'ಬಸ್ಸಲ್ಲಿ ಹೋಗೋಣ' ಎನ್ನುವಾಗ ಅದನ್ನು ಸರಿಯಾಗಿ ಬಳಸಿರುತ್ತದೆ.

ಅರ್ಥವೂ ದಾರಿಯಲ್ಲಿ ಬದಲಾಗುತ್ತದೆ. ಅರಬ್ಬಿಯ ಸಬಬ್ ಅಂದರೆ ಕಾರಣ. ಸ್ವಾಹಿಲಿಯ ಸಬಾಬು ಇವತ್ತಿಗೂ ಕಾರಣವೇ. ನಮ್ಮ ಸಬೂಬು ಮಾತ್ರ ನೆಪ. ಖಬರ್ ಅಂದರೆ ಸುದ್ದಿ. ಸ್ವಾಹಿಲಿಯವರು ಎದುರಾದಾಗ 'ಹಬಾರಿ?' ಎಂದು ಕೇಳುತ್ತಾರೆ, ಏನು ಸಮಾಚಾರ ಎಂದು. ನಮ್ಮ ಉತ್ತರ ಕರ್ನಾಟಕದಲ್ಲಿ 'ಅವಂಗ ಖಬರ ಇಲ್ಲ' ಅಂದರೆ ಅವನಿಗೆ ಎಚ್ಚರ ಇಲ್ಲ, ಅರಿವಿಲ್ಲ ಎಂದು.

ಕಿತಾಬು ನಮ್ಮಲ್ಲಿ ಬೇರು ಬಿಟ್ಟಿತಾದರೂ ಪುಸ್ತಕದ ಜಾಗ ಹಿಡಿಯಲಿಲ್ಲ. ಆ ಪುಸ್ತಕವೂ ಇಲ್ಲಿಯದಲ್ಲ. ಸಂಸ್ಕೃತಕ್ಕೇ ಅದು ಇರಾನಿನ ಕಡೆಯಿಂದ ಬಂತು ಎನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಪಾರಸಿಯಲ್ಲಿ ಪೂಸ್ತ್ ಅಂದರೆ ತೊಗಲು, ಹಿಂದೆ ತೊಗಲಿನ ಮೇಲೂ ಬರೆಯುತ್ತಿದ್ದರು. ಅಪ್ಪಟ ಕನ್ನಡ ಎಂದು ನಾವು ಹೆಮ್ಮೆಯಿಂದ ಬಳಸುವ ಹೊತ್ತಗೆ ಕೂಡ ಹಳಗನ್ನಡದ ಪೊತ್ತಗೆ, ಪುಸ್ತಕದ್ದೇ ತದ್ಭವ. ಹಾಲು–ಪಾಲ್‌ನಲ್ಲಿ ಕಂಡ ಪಕಾರ–ಹಕಾರದ ನಿಯಮ ಅದಕ್ಕೂ ತಾಗಿತು. ಅಂದರೆ ಆ ನಿಯಮ ನಡೆಯುವ ಮೊದಲೇ ಅದು ಕನ್ನಡದ ಮನೆಯೊಳಗೆ ಬಂದು ಕೂತಿತ್ತು.

ಮಲಯದ್ದೇ ಒಂದು ರೂಪವನ್ನು ಆಡುವ ಇಂಡೋನೇಷ್ಯಾದಲ್ಲಿ ಇವೆಲ್ಲ ಒಟ್ಟಿಗೆ ಸಿಗುತ್ತವೆ. ಡಚ್ಚರಿಂದ ಬಂದ ಬುಕು ಅಂದರೆ ಸಾಮಾನ್ಯ ಪುಸ್ತಕ. ಕಿತಾಬ್ ಅಂದರೆ ಧರ್ಮಗ್ರಂಥ. ಹಲವಾದರೆ ಪದವನ್ನೇ ಎರಡು ಸಲ ಹೇಳುತ್ತಾರೆ, ಕಿತಾಬ್-ಕಿತಾಬ್. ಅಲ್ಲಿನ ಮದರಸಾಗಳಲ್ಲಿ ಓದುವ ಹಳೆಯ ಗ್ರಂಥಗಳಿಗೆ ಕಿತಾಬ್ ಕುನಿಂಗ್, ಅಂದರೆ ಹಳದಿ ಕಿತಾಬ್ ಎಂದು ಹೆಸರು, ಕಾಗದದ ಬಣ್ಣದಿಂದ ಬಂದದ್ದು. ಆ ಬುಕುವನ್ನೂ ಕಿತಾಬನ್ನೂ ಕಪಾಟಿನಲ್ಲಿ ಜೋಡಿಸಿಡುವ ಕಟ್ಟಡಕ್ಕೆ, ಗ್ರಂಥಾಲಯಕ್ಕೆ, ಅವರ ಪದ ಪೆರ್‌ಪುಸ್ತಕಾನ್. ಮುಂದೆ 'ಪೆರ್', ಹಿಂದೆ 'ಆನ್' ಅವರದು. ನಡುವೆ ಇರುವುದು ನಮಗೆ ಗೊತ್ತಿರುವ ಪುಸ್ತಕ.